ಪುಸ್ತಕದ ಕನ್ನಡ ಬಿಟ್ಟು ಪ್ರಾರ್ಥಿಸಿದ್ದು

ನಾನು ಧಾರವಾಡದ ಕಡೆಯ ಕ್ರೈಸ್ತರ ಮನೆಯವಳು. ಭಾನುವಾರದ ಆರಾಧನೆ, ರಾತ್ರಿ ಊಟಕ್ಕೆ ಮೊದಲು ಮನೆ ಪ್ರಾರ್ಥನೆ, ಎಲ್ಲ ಇತ್ತು. ಆದರೆ ದೇವರು ನನ್ನ ಮಾತು ಕೇಳುತ್ತಾನೆ ಅಂತ ನಲವತ್ತು ದಾಟುವವರೆಗೂ ಒಳಗಿಂದ ಅನ್ನಿಸಿರಲಿಲ್ಲ. ಕಣ್ಣು ಮುಚ್ಚಿದರೆ "ಕೃಪಾಳುವಾದ ಪರಲೋಕದ ತಂದೆಯೇ, ನಿನ್ನ ಪರಿಶುದ್ಧ ಸನ್ನಿಧಾನಕ್ಕೆ..." ಅಂತಲೇ ಬಾಯಿಗೆ ಬರುತ್ತಿತ್ತು. ಪೂರ್ತಿ ಸತ್ಯವೇದ, ಅಂದರೆ ಬೈಬಲ್, ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ. ಪ್ರಾರ್ಥನೆಗೆ ಕೂತರೆ ನಾನೂ ಆ ಕಾಲಕ್ಕೇ ಹೋಗಿಬಿಡುತ್ತಿದ್ದೆ. (ಹಾಗೆ ಪ್ರಾರ್ಥಿಸುವ ಹಿರಿಯರನ್ನು ಆಡಿಕೊಳ್ಳುತ್ತಿಲ್ಲ. ಬಾಯಿಪಾಠ ಆಗಿದ್ದು ನನಗೆ.)

ಆಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಬಿದ್ದುಹೋಯಿತು. ಮೊದಲ ತಿಂಗಳು ರೂಢಿಯಂತೆ ಬೇಡಿ, "ನಿನ್ನ ಚಿತ್ತವೇ ಆಗಲಿ" ಅಂತ ಮುಗಿಸುತ್ತಿದ್ದೆ. ಅದು ನಂಬಿಕೆಯಿಂದ ಬಂದ ಮಾತಲ್ಲ. ಬೇಡಿದ್ದು ಸಿಗದಿದ್ದರೆ ಮುಖ ಉಳಿಸಿಕೊಳ್ಳಲು ಇಟ್ಟುಕೊಂಡ ಮಾತು. ಒಂದು ರಾತ್ರಿ ಅವ್ವನ ಬಟ್ಟೆ ಬದಲಿಸಿ, ಹಾಸಿಗೆ ಬಟ್ಟೆಯನ್ನು ಬಕೆಟ್‌ನಲ್ಲಿ ನೆನೆಹಾಕಿ, ಅಲ್ಲೇ ಬಚ್ಚಲಲ್ಲಿ ನಿಂತು "ಅಪ್ಪಾ, ನನಗ ಸಾಕಾಗೇತಿ, ನೀ ಏನ್ ಮಾಡಾಕತ್ತೀದಿ?" ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ಹೆದರಿಕೆಯೂ ಆಯಿತು.

ನಮ್ಮ ಚರ್ಚಿನ ಅಯ್ಯನವರಿಗೆ ಹೇಳಿದೆ. ಅವರು ಬೈಯಲಿಲ್ಲ, ಸತ್ಯವೇದದ 13ನೇ ಮತ್ತು 88ನೇ ಕೀರ್ತನೆ ಓದಮ್ಮಾ ಅಂದರು. 13ರಲ್ಲಿ "ಇನ್ನೆಷ್ಟು ದಿನ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಆದರೂ ಕೊನೆಗೆ ಸಮಾಧಾನ ಇದೆ. 88ರಲ್ಲಿ ಅದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ 150 ಕೀರ್ತನೆಗಳ ನಡುವೆ ತೆಗೆಯದೆ ಉಳಿಸಿಕೊಂಡಿದ್ದಾರೆ. ಆ ಕಡೆ ಯಾರೂ ಇಲ್ಲ ಅಂದುಕೊಂಡವರು ಅಷ್ಟು ಜಗಳ ಆಡುವುದಿಲ್ಲ, ಅಲ್ವಾ? ನನಗೆ ಧೈರ್ಯ ಬಂದದ್ದು ಇಲ್ಲಿಂದ.

ಈಗ ಬೆಳಿಗ್ಗೆ ಐದಕ್ಕೆ ಚಹಾಕ್ಕೆ ನೀರಿಟ್ಟು, ಮನೆ ಮಾತಿನಲ್ಲಿ, ಬಾಯಿ ಬಿಟ್ಟೇ ಪ್ರಾರ್ಥಿಸುತ್ತೇನೆ. "ಎಲ್ಲರನ್ನೂ ಆಶೀರ್ವದಿಸು" ಅನ್ನುವುದು ಬಿಟ್ಟಿದ್ದೇನೆ. "ಇವತ್ತು ಅವ್ವ ನಾಲ್ಕು ಚಮಚ ಗಂಜಿ ಕೆಮ್ಮದೆ ನುಂಗಲಿ" ಅಂತ ಕೇಳಿ, ಹಳೇ ಡೈರಿಯಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ಬರೆದ ಮೇಲೆ ಎರಡು ನಿಮಿಷ ಸುಮ್ನೆ ಕೂರಬೇಕು. ಇದೇ ಜಾಸ್ತಿ ಕಷ್ಟ, ಅಷ್ಟರಲ್ಲಿ ಚಹಾ ಉಕ್ಕುತ್ತದೆ.

ಗಂಜಿಯ ಎದುರು ಗುರುತು ಬಿದ್ದಿದೆ. "ಮಾತು ಬರಲಿ" ಅನ್ನುವುದರ ಎದುರು ಇನ್ನೂ ಖಾಲಿ. ನೋಡಲು ಬಂದವರೊಬ್ಬರು ನಿಮ್ಮ ನಂಬಿಕೆ ಸಾಲದು ಅಂದುಹೋದರು. ಯೇಸುವಿನ ಅಪೊಸ್ತಲ, ಪೌಲನಂಥ ಪೌಲ ಮೂರು ಸಲ ಬೇಡಿದರೂ ಮೈಯಲ್ಲಿನ ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಬಂತು. ಅವನ ನಂಬಿಕೆಯೂ ಸಾಲದಾಗಿತ್ತೇನು?

ರಾತ್ರಿ ಪ್ರಾರ್ಥನೆಗೆ ಅವ್ವ ಎಡಗೈಯನ್ನು ನನ್ನ ಕೈ ಮೇಲೆ ಇಡುತ್ತಾಳೆ. ತುಟಿ ಮಾತ್ರ ಆಡುತ್ತದೆ, ದನಿ ಇಲ್ಲ. ಸತ್ಯವೇದದಲ್ಲಿ ಹನ್ನ ಅನ್ನುವ ಹೆಂಗಸು ಹೀಗೇ ಪ್ರಾರ್ಥಿಸುತ್ತಿದ್ದಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡನಂತೆ. ಅವ್ವ ಏನು ಕೇಳುತ್ತಾಳೋ ನನಗೂ ತಿಳಿಯುವುದಿಲ್ಲ. ಮುಗಿಸುವವರೆಗೆ ಕಾಯುತ್ತೇನೆ, ಒಮ್ಮೊಮ್ಮೆ ಅನ್ನ ಆರಿಹೋಗುವಷ್ಟು ಹೊತ್ತಾಗುತ್ತದೆ. ಆಮೇಲೆ ಇಬ್ಬರ ಪರವಾಗಿ ನಾನೇ ಆಮೆನ್ ಅನ್ನುತ್ತೇನೆ.