ಅಂಚಿನ ಮೂರು ಇಂಚು

ತೀರ್ಥಹಳ್ಳಿ ಕಡೆಯ ಒಂದು ಮನೆಯ ಗೃಹಪ್ರವೇಶ. ಎಲೆ ಹಾಕುವ ಮುಂಚೆ ಫೋಟೊ ತೆಗೆಯಲು ಮನೆಯವರನ್ನೆಲ್ಲ ಜಗಲಿ ಮುಂದೆ ಸೇರಿಸಿದೆ. ಕುರ್ಚಿಯಲ್ಲಿ ಐದು ಜನ ಹಿರಿಯರು, ಹಿಂದೆ ನಿಂತವರು ಒಂಬತ್ತು. ಈ ತುದಿಯಿಂದ ಆ ತುದಿಗೆ ಚೌಕಟ್ಟು ತುಂಬಿತ್ತು. ಪರದೆಯಲ್ಲಿ ನೋಡಿ ಖುಷಿಯೂ ಪಟ್ಟೆ.

ವಾರದ ಮೇಲೆ ಯಜಮಾನರ ಫೋನ್: 12×15 ಇಂಚಿನದು ಬೇಕು, ಅಜ್ಜನ ಫೋಟೊದ್ದೂ ಅದೇ ಅಳತೆ, ಪಕ್ಕಪಕ್ಕ ಹಾಕ್ತೇವೆ. ಫೈಲನ್ನು ಹಾಗೇ ಲ್ಯಾಬಿಗೆ ಕಳಿಸಿದೆ. ಪ್ರಿಂಟು ಅಲ್ಲಿಂದ ನೇರ ಕಟ್ಟು ಹಾಕುವ ಅಂಗಡಿಗೆ ಹೋಯಿತು. ನಾನು ಬಿಚ್ಚಿ ನೋಡಲೂ ಇಲ್ಲ. ಅಜ್ಜಿ ಕನ್ನಡಕ ಏರಿಸಿ ನೋಡಿ, "ನಮ್ಮ ಮಾಣಿ ಮುಖ ಎಲ್ಲಿ ಹೋಯ್ತಾ ಮಾರಾಯ?" ಅಂದರು. ಬಲತುದಿಯ ಮೊಮ್ಮಗನ ಅರ್ಧ ಮುಖ ಲ್ಯಾಬಿನ ಕತ್ತರಿಗೆ ಹೋಗಿತ್ತು. ಉಳಿದದ್ದು ಕಟ್ಟಿನ ಮರದ ಪಟ್ಟಿಯಡಿ.

ಲೆಕ್ಕ ಸರಳ, ಮೊದಲೇ ಹಾಕಿರಲಿಲ್ಲ ಅಷ್ಟೇ. ನನ್ನ ಕ್ಯಾಮೆರಾದ ಚಿತ್ರ 3:2, ಅಂದರೆ ಅಗಲ ಮೂರು ಪಾಲಾದರೆ ಎತ್ತರ ಎರಡು ಪಾಲು. ಎತ್ತರ 12 ಇಂಚಾದರೆ ಅಗಲ 18 ಬರುತ್ತದೆ. 15ಕ್ಕೆ ಇಳಿಸಲು ಮೂರು ಇಂಚು ಹೋಗಬೇಕು, ಆ ಕಡೆ ಒಂದೂವರೆ, ಈ ಕಡೆ ಒಂದೂವರೆ. 8×10ರಲ್ಲೂ ಅದೇ ಕಥೆ, ಅಗಲದ ಆರನೇ ಒಂದು ಪಾಲು ಹೋಗುತ್ತದೆ. 5×7ರಲ್ಲಿ ನಷ್ಟ ಅರ್ಧ ಇಂಚು. 4×6, 8×12, 12×18ಕ್ಕೆ ಕತ್ತರಿಯೇ ಬೇಡ. ಈ ಜಗಳ ಹಳೆಯದು: 8×10, 4×5 ಹಳೆಯ ದೊಡ್ಡ ಕ್ಯಾಮೆರಾಗಳ ಬಿಡಿ ಹಾಳೆಯ (ಶೀಟ್) ಫಿಲ್ಮಿನ ಅಳತೆಗಳು, 3:2 ಬಂದದ್ದು ಸಿನಿಮಾ ರೀಲಿನಿಂದ, 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ ಮೂಲಕ.

ಈಗ ಟ್ರೈಪಾಡ್ ನಿಲ್ಲಿಸುವ ಮೊದಲೇ ಕೇಳುತ್ತೇನೆ: ಯಾವ ಗೋಡೆ, ಯಾವ ಅಳತೆ? "ಆಮೇಲೆ ಹೇಳ್ತೇವೆ" ಅಂದರೆ 12×15 ಅಂತಲೇ ಹಿಡಿದುಕೊಂಡು ತೆಗೆಯುತ್ತೇನೆ. ಬಿಟ್ಟ ಜಾಗವನ್ನು ಆಮೇಲೆ ಕತ್ತರಿಸಬಹುದು, ಬಿಡದ ಜಾಗವನ್ನು ಎಲ್ಲಿಂದ ತರೋಣ?

ಕ್ಯಾಮೆರಾದ ಮೂರು ಇಂಚಿನ ಪರದೆಯ ಎರಡೂ ಬದಿಗೆ ಸುಮಾರು ಐದು ಮಿಲಿಮೀಟರ್ ಅಗಲಕ್ಕೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ನಡುವೆ ಉಳಿಯುವುದು 5:4, ಅಂದರೆ 12×15ರದ್ದೇ ಆಕಾರ. ತೆಗೆಯುವ ಮುಂಚೆ ಪರದೆಯಲ್ಲಿ ಕಾಣುವ ಲೈವ್ ವ್ಯೂನಲ್ಲಿ ಎಲ್ಲರೂ ಟೇಪಿನ ಒಳಗೇ ಇರಬೇಕು. ಕಟ್ಟಿನ ಪಟ್ಟಿ ಸುತ್ತಲೂ ಕಾಲು ಇಂಚು ನುಂಗುವುದರಿಂದ ಯಾರ ಮೊಣಕೈಯೂ ಟೇಪಿಗೆ ತಾಗಬಾರದು. ಹೀಗೆ ಸಡಿಲ ಬಿಟ್ಟರೆ ಚಿತ್ರ ಒಡೆಯುತ್ತದೆ ಅನ್ನುವ ಭಯ ನನಗೂ ಇತ್ತು. 6000×4000 ಪಿಕ್ಸೆಲ್ ಫೈಲಿನಲ್ಲಿ 5:4 ಕತ್ತರಿಸಿದರೂ 5000×4000 ಉಳಿಯುತ್ತದೆ. 12×15ಕ್ಕೆ ಇಂಚಿಗೆ 333 ಪಿಕ್ಸೆಲ್, ಬೇಕಾದಷ್ಟಾಯಿತು.

ಜನರನ್ನು ನಿಲ್ಲಿಸುವ ಕ್ರಮವೂ ಬದಲಾಯಿತು. ಮಕ್ಕಳು ಚಾಪೆ ಮೇಲೆ, ಹಿರಿಯರು ಕುರ್ಚಿಯಲ್ಲಿ, ಉಳಿದವರು ಹಿಂದೆ ಮೆಟ್ಟಿಲ ಮೇಲೆ. ಮೂರು ಸಾಲಾದರೆ ಗುಂಪು ತಾನಾಗಿ ಕುಗ್ಗಿ 5:4ರ ಆಕಾರಕ್ಕೆ ಬರುತ್ತದೆ. ಮೂರೂ ಸಾಲು ಸ್ಪಷ್ಟವಾಗಲಿ ಅಂತ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್8ರಲ್ಲಿ ಇಡುತ್ತೇನೆ. ಬಾಗಿಲಿಗೆ ಕಟ್ಟಿದ ಮಾವಿನ ತೋರಣವೂ ಮೇಲೆ ಸಿಗುತ್ತದೆ.

ಮೊಬೈಲನ್ನು ಅಡ್ಡ ಹಿಡಿದು ತೆಗೆದದ್ದು ಸಾಮಾನ್ಯವಾಗಿ 4:3. 4×6 ಹಾಕಿಸಿದರೆ ಅಲ್ಲಿ ಹೋಗುವುದು ಪಕ್ಕದವರಲ್ಲ, ತಲೆ ಮತ್ತು ಪಾದ.

ಆ ಮನೆಗೆ ನನ್ನ ಖರ್ಚಿನಲ್ಲೇ 12×18 ಮಾಡಿಸಿಕೊಟ್ಟೆ. ಮಾಣಿ ಪೂರ್ತಿ ಬಂದ. ಅಜ್ಜನ ಪಕ್ಕ ಮಾತ್ರ ಹೊಂದಲಿಲ್ಲ. ಊಟದ ಮನೆ ಗೋಡೆಗೆ ಹೋಯಿತು.