ಅನಾರೋಗ್ಯದ ರಜೆಯಲ್ಲಿರುವಾಗ ಕೆಲಸದಿಂದ ತೆಗೆದರೆ ಮಾಡಬೇಕಾದದ್ದೇನು?

ನನ್ನ ತಮ್ಮ ಕ್ಷಯದ ಚಿಕಿತ್ಸೆಗಾಗಿ ರಜೆಯಲ್ಲಿದ್ದಾಗ, ದಾವಣಗೆರೆಯ ಹೊರವಲಯದಲ್ಲಿರುವ ಅವನ ಕಾರ್ಖಾನೆಯಿಂದ ಜಗಳೂರಿನ ನಮ್ಮ ಮನೆಗೆ ಒಂದು ಪತ್ರ ಬಂತು. ಅನುಮತಿಯಿಲ್ಲದೆ ಗೈರುಹಾಜರಾಗಿರುವುದರಿಂದ ತಾವಾಗಿಯೇ ಕೆಲಸ ತೊರೆದಿದ್ದೀರಿ ಎಂದು ಪರಿಗಣಿಸಲಾಗಿದೆ ಎಂಬ ಎರಡು ಸಾಲು ಅದರಲ್ಲಿತ್ತು. ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ವೈದ್ಯರ ಪ್ರಮಾಣಪತ್ರವನ್ನು ಅವನು ಮೇಲ್ವಿಚಾರಕರ ವಾಟ್ಸಾಪ್‌ಗೆ ಕಳಿಸಿದ್ದನೇ ಹೊರತು ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡಿರಲಿಲ್ಲ. ನಾವು ಪಟ್ಟ ಪಾಡಿಗೆಲ್ಲ ಅದೊಂದೇ ಕಾರಣ.

ಇಂಥ ಪತ್ರ ಬಂದರೆ ಫೋನಿನಲ್ಲಿ ವಾದಿಸುತ್ತ ದಿನ ಕಳೆಯದೆ, ಅದೇ ವಾರದಲ್ಲಿ ಲಿಖಿತ ಉತ್ತರ ಕೊಡಿ. ಯಾವ ದಿನದಿಂದ ಯಾವ ದಿನದವರೆಗೆ ಯಾವ ವೈದ್ಯರ ಚಿಕಿತ್ಸೆಯಲ್ಲಿದ್ದೀರಿ, ರಜೆಯ ವಿಷಯವನ್ನು ಯಾರಿಗೆ, ಯಾವಾಗ ತಿಳಿಸಿದ್ದೀರಿ, ಕೆಲಸ ಬಿಡುವ ಉದ್ದೇಶ ನಿಮಗೆ ಇರಲೇ ಇಲ್ಲ, ಗುಣವಾದ ಕೂಡಲೇ ಹಾಜರಾಗುತ್ತೀರಿ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಪ್ರಮಾಣಪತ್ರಗಳ ಜೆರಾಕ್ಸ್ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ. ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ದಿನಾಂಕ ಕಾಣುವಂತೆ ಅವುಗಳ ಪ್ರಿಂಟ್ ತೆಗೆಸಿಡಿ.

ಕೆಲಸ ತೊರೆಯುವುದು ಉದ್ದೇಶಕ್ಕೆ ಸಂಬಂಧಿಸಿದ ವಿಷಯ, ಬರೀ ಗೈರುಹಾಜರಿಯಿಂದ ಅದು ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆಂಬ ಸ್ಥಾಯಿ ಆದೇಶ (ಕಾರ್ಖಾನೆಯ ಸೇವಾ ನಿಯಮ) ಇದ್ದ ಡಿ.ಕೆ. ಯಾದವ್ ಪ್ರಕರಣದಲ್ಲಿಯೂ, ವಿಚಾರಣೆ ನಡೆಸದೆ, ಕಾರ್ಮಿಕನ ಮಾತು ಕೇಳದೆ ತೆಗೆದದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1993ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ನಿಮ್ಮ ಉತ್ತರದಲ್ಲಿ ಈ ಮಾತನ್ನು ಸೇರಿಸುವುದು ಒಳ್ಳೆಯದು.

ಮುಂದಿನ ದಾರಿ ವಜಾ ಆದ ದಿನಾಂಕವನ್ನು ಅವಲಂಬಿಸಿದೆ. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದಕ್ಕೂ ಮೊದಲು ಕೆಲಸ ಕಳೆದುಕೊಂಡವರಿಗೆ 1948ರ ಇ.ಎಸ್.ಐ. ಕಾಯ್ದೆಯ 73ನೇ ಕಲಂ ದೊಡ್ಡ ಆಸರೆ. ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ವಜಾ ಮಾಡುವುದನ್ನು ಅದು ನಿಷೇಧಿಸುತ್ತದೆ ಮತ್ತು ಆ ಅವಧಿಯಲ್ಲಿ ಕೊಟ್ಟ ನೋಟಿಸನ್ನು ಅಸಿಂಧು ಎನ್ನುತ್ತದೆ; ಆದರೆ ಬಹುದೀರ್ಘ ಗೈರಿಗೆ ನಿಯಮಗಳಲ್ಲಿ ವಿನಾಯಿತಿಯಿದೆ. ವಿವಾದ ಎತ್ತಲು ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ 3 ವರ್ಷವಿದ್ದ ಗಡುವು ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 2 ವರ್ಷಕ್ಕೆ ಇಳಿದಿರುವುದರಿಂದ, ಪೂರ್ತಿ ಗುಣವಾದ ಮೇಲೆ ನೋಡೋಣ ಎಂದು ದಯವಿಟ್ಟು ಕಾಯಬೇಡಿ.

ಅರ್ಜಿಯನ್ನು ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಲ್ಲಿಸಬೇಕು. ಅಲ್ಲಿ ಎರಡೂ ಕಡೆಯವರನ್ನು ಕರೆಸಿ ರಾಜಿ ಸಂಧಾನ ನಡೆಸುತ್ತಾರೆ. ಅದು ವಿಫಲವಾದರೆ, ಹೊಸ ಸಂಹಿತೆಯಂತೆ 90 ದಿನಗಳೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬೇಕು. ವ್ಯವಸ್ಥಾಪಕ ಹುದ್ದೆಯಲ್ಲಿದ್ದವರಿಗೆ ಈ ದಾರಿಯಿಲ್ಲ, ಅವರು ವಕೀಲರನ್ನು ಕಂಡು ಸಿವಿಲ್ ನ್ಯಾಯಾಲಯದ ಬಗ್ಗೆ ವಿಚಾರಿಸಬೇಕು. ಅಂಗಡಿ, ಹೋಟೆಲುಗಳಲ್ಲಿ 6 ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಹೇಳುತ್ತದೆ. ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ; ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು.

ಈ ನಡುವೆ ಚಿಕಿತ್ಸೆಯನ್ನೂ ಭತ್ಯೆಯನ್ನೂ ಬಿಡಬೇಡಿ. ಇ.ಎಸ್.ಐ.ನಲ್ಲಿ ಸಾಮಾನ್ಯ ಅನಾರೋಗ್ಯಕ್ಕೆ ವರ್ಷಕ್ಕೆ 91 ದಿನ, ಸರಾಸರಿ ವೇತನದ ಶೇ. 70ರಷ್ಟು ಸಿಗುತ್ತದೆ, ಕ್ಷಯದಂಥ ದೀರ್ಘ ಕಾಯಿಲೆಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ಶೇ. 80ರಂತೆ 2 ವರ್ಷದವರೆಗೂ ಸಿಗಬಹುದು.

ಲೆಕ್ಕ ಚುಕ್ತಾ ಮಾಡುತ್ತೇವೆ ಬನ್ನಿ ಎಂದು ಕಾರ್ಖಾನೆಯವರು ಕರೆದರೆ ಒಬ್ಬರೇ ಹೋಗಬೇಡಿ. ನನ್ನ ತಮ್ಮನ ಮುಂದಿಟ್ಟ ಕಾಗದದ ಕೊನೆಯ ಸಾಲಿನಲ್ಲಿ ‘ಸ್ವಇಚ್ಛೆಯಿಂದ ರಾಜೀನಾಮೆ’ ಎಂದಿತ್ತು. ಜೊತೆಗಿದ್ದ ನಮ್ಮ ಮಾವ ಅದನ್ನು ಓದಿ, ಸಹಿ ಮಾಡದಂತೆ ತಡೆದರು. ಹಣ ಪಡೆಯಲೇಬೇಕಾದ ಸ್ಥಿತಿಯಿದ್ದರೆ, ‘ನನ್ನ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ಕೈಯಾರೆ ಬರೆದು, ದಿನಾಂಕ ಹಾಕಿ, ಆ ಹಾಳೆಯ ಒಂದು ಪ್ರತಿಯನ್ನು ಕೇಳಿ ಪಡೆದ ಮೇಲೆಯೇ ಅಲ್ಲಿಂದ ಏಳಿ.