22 ಬೇಕೇ ಬೇಕು ಅಂದವರಿಗೆ: ಜೀನ್ಸ್ ಗೋಡೌನಲ್ಲಿ ನಾನು ಪೆಲೆಟ್ ಆರಿಸಿದ್ದು

ಎರಡು ವರ್ಷದ ಹಿಂದಿನ ದೀಪಾವಳಿಗೆ ಮಾವನ ಮಗ ಸಿರುಗುಪ್ಪದಿಂದ ಬಂದಿದ್ದ. ಚಪ್ಪಲಿ ಬಿಡೋ ಮುಂಚೆನೇ ಶುರು ಮಾಡಿದ. "ಯಣ್ಣಾ, ಇನ್ನೂ ಆ ಸೊಳ್ಳಿ ಗುಂಡ ಹೊಡಿತೀಯೇನು? 22 ತಗೋ." ಅವನ ಹತ್ರ ಲೈಸೆನ್ಸ್ ಇದೆ, 22 (ಅಂದ್ರೆ 5.5 ಎಂಎಂ ಏರ್ ಗನ್) ಇದೆ, ಹೊಲ ಇದೆ. ನನ್ನ ಹತ್ರ ಇದ್ದದ್ದು ಒಂದು ಹಳೇ ಸ್ಪ್ರಿಂಗ್ ಗನ್, ಮಗಳಿಗೆ ಕೊಡಿಸಿದ ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್, ಬಳ್ಳಾರಿಯ ಕೌಲ್ ಬಜಾರಲ್ಲಿ ಬಾಗಿಲು ಹಾಕಿದ್ದ ಒಂದು ಜೀನ್ಸ್ ಗೋಡೌನ್. ಎರಡೂ ಗನ್ 177, ಅಂದ್ರೆ 4.5 ಎಂಎಂ ಪೆಲೆಟ್ (ಏರ್ ಗನ್ನಿನ ಪುಟ್ಟ ಗುಂಡು) ಹಾಕೋವು. ಈಗ ಅವನೇ 177 ಪೆಲೆಟ್ ಕೇಳಿಕೊಂಡು ಬರ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳದು 10 ಮೀಟರ್ ಏರ್ ರೈಫಲ್ ಸ್ಪರ್ಧೆ. ಅಲ್ಲಿ 4.5 ಎಂಎಂ ಬಿಟ್ಟು ಬೇರೆಯದಕ್ಕೆ ಜಾಗ ಇಲ್ಲ, ಆ ವಾದ ಅಲ್ಲಿಗೇ ಮುಗಿಯಿತು. ತೊಂದರೆ ಶುರುವಾದದ್ದು ಆಮೇಲೆ. ಅವಳ ಸ್ಕೋರ್ (ಒಂದು ಗುಂಡಿಗೆ ಹೆಚ್ಚೆಂದರೆ 10.9) ಹತ್ತು ಗುಂಡಿಗೆ 97-98ರ ಆಸುಪಾಸಲ್ಲಿ ಏಳೆಂಟು ತಿಂಗಳು ಅಂಟಿಕೊಂಡಿತು. ನೋಡಿದವರೆಲ್ಲ ಒಂದೇ ಮಾತು: ಗನ್ ಹಳೇದು, ಮಾರಿ ಹೊಸದು ತಗೊಳ್ರಿ. ಒಂದೂಕಾಲು ಲಕ್ಷ ಕೊಟ್ಟು ಇನ್ನೂ ವರ್ಷ ಆಗಿರಲಿಲ್ಲ. ಹೊಸದಕ್ಕೆ ಇನ್ನೆಷ್ಟು ಸುರೀಬೇಕು ಅಂತ ಲೆಕ್ಕ ಹಾಕಿದ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದವನೇ ಗೋಡೌನ್‌ಗೆ ಹೋಗಿ ರೈಫಲ್ಲನ್ನು ಬಡಗಿಯ ವೈಸ್‌ಗೆ ಕಟ್ಟಿದೆ. ಪೆಟ್ಟಾಗದ ಹಾಗೆ ಸುತ್ತ ಜೀನ್ಸ್ ಕಟ್ ಪೀಸ್ ಸುತ್ತಿದೆ. ಬಳ್ಳಾರಿಯಲ್ಲಿ ಅದಕ್ಕೇನು ಬರ? ಗುಂಡು ಹಿಡಿಯೋ ಪೆಟ್ಟಿಗೆಯೂ ಅದರದ್ದೇ. ಹಿಂದೆ ಗುಜರಿಯ ಕಬ್ಬಿಣದ ತಗಡು, ಮುಂದೆ ಒತ್ತಿ ತುಂಬಿದ ಡೆನಿಮ್ ಚೂರು. ಸದ್ದೂ ಇಲ್ಲ, ಸಿಡಿಯೋದೂ ಇಲ್ಲ.

ವೈಸ್‌ನಲ್ಲಿ ಕಟ್ಟಿದ ಗನ್ನಿಗೆ ಕೈ ನಡುಗಲ್ಲ, ಉಸಿರಿಲ್ಲ. ಆದ್ರೂ ನಾವು ಬಳಸುತ್ತಿದ್ದ ಅಗ್ಗದ ಪೆಲೆಟ್ ಐದು ಗುಂಡಿಗೆ ಹೊರ ಅಂಚಿಂದ ಹೊರ ಅಂಚಿಗೆ 12 ಎಂಎಂ ಹರಡಿತು. ಪೆಲೆಟ್‌ನ ಅಗಲ ಕಳೆದರೆ ಏಳೂವರೆ. ಅಂದ್ರೆ ನಡುವಿನಿಂದ ಪೌಣೆ ನಾಲ್ಕು ಎಂಎಂ ಅತ್ತ ಇತ್ತ. ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಅರ್ಧ ಎಂಎಂ ಅಷ್ಟೆ. ಪೆಲೆಟ್‌ನ ಅಂಚು ಅದಕ್ಕೆ ತಾಗಿದರೂ ಹತ್ತು. ಪೆಲೆಟ್‌ನ ನಡು ಚುಕ್ಕೆಯ ನಡುವಿಂದ ಎರಡೂವರೆ ಎಂಎಂ ದಾಟಿತೋ, ಹತ್ತು ಹೋಯಿತು. ಆಮೇಲೆ ಕಾಲು ಎಂಎಂಗೆ ಒಂದೊಂದು ಪಾಯಿಂಟ್ ಒನ್ ಕಳಚುತ್ತದೆ. ಮಗಳು ಕಲ್ಲಿನ ಹಾಗೆ ನಿಂತು ಹೊಡೆದರೂ ಆ ಪೆಲೆಟ್ಟೇ ಕೆಲವು ಗುಂಡಿಗೆ 9.5 ಕೊಡುತ್ತಿತ್ತು. ಅಷ್ಟು ದಿನ ಪಾಪದ ಹುಡುಗಿಗೆ ಬೈದಿದ್ದೆ.

ಆಮೇಲೆ ದುಡ್ಡು ಕರಗಿತು. ಹೆಡ್ ಸೈಜ್ 4.49, 4.50, 4.51 ಅಂತ ಒಂದೊಂದು ಡಬ್ಬಿ ತರಿಸಿದೆ. ಐನೂರು ಪೆಲೆಟ್‌ನ ಡಬ್ಬಿ, ಒಂದೊಂದಕ್ಕೆ ಸಾವಿರದ ಮುನ್ನೂರೋ ನಾನೂರೋ ಬಿತ್ತು. ಒಬ್ಬ ಮಾರಾಟಗಾರ 4.50 ಕೇಳಿದ್ದಕ್ಕೆ 4.49 ಕಳಿಸಿದ. "ಅಷ್ಟರಲ್ಲಿ ಏನ್ ವ್ಯತ್ಯಾಸ ಸಾರ್" ಅಂದ. ವ್ಯತ್ಯಾಸ ಇತ್ತು. ನಮ್ಮ ಬ್ಯಾರಲ್‌ಗೆ 4.49 ಸುಮಾರು 8 ಎಂಎಂ ಹರಡಿತು, 4.50 ಏಳು, 4.51 ಆರರೊಳಗೆ. ಕಂಪನಿ ಒಂದೇ, ತೂಕ ಒಂದೇ, ತಲೆ ಮಾತ್ರ ಕೂದಲೆಳೆ ಬೇರೆ. ನಿಮ್ಮ ಬ್ಯಾರಲ್‌ಗೂ 4.51 ಅಂತ ಹೇಳ್ತಿಲ್ಲ, ಕಟ್ಟಿ ಹೊಡೆದು ನೋಡಿ.

ಇನ್ನು ಪೆಲೆಟ್ ಆರಿಸೋ ಗಾಜಿನ ವಿಷಯ. ಹಳೇ ಕಿಟಕಿಯ ಗಾಜು ಒಂದನ್ನು ಬೆಂಕಿಪೊಟ್ಟಣದಷ್ಟು ಎತ್ತರಕ್ಕೆ ಓರೆ ಇಟ್ಟು ಪೆಲೆಟ್ ಉರುಳಿಸುತ್ತೇನೆ. ತಲೆ ಒಂದಳತೆ, ಸ್ಕರ್ಟ್ (ಹಿಂಬದಿಯ ಟೊಳ್ಳು ಅಂಚು) ಒಂದಳತೆ ಇರೋದರಿಂದ ಅದು ನೇರ ಬರಲ್ಲ, ಬಿಲ್ಲಿನ ಹಾಗೆ ಬಾಗಿ ಬರುತ್ತದೆ. ಒಳ್ಳೆಯವೆಲ್ಲ ಒಂದೇ ದಾರಿ ಹಿಡಿದು ಕೆಳಗೆ ಒಂದೇ ಕಡೆ ಗುಂಪಾಗುತ್ತವೆ. ಸ್ಕರ್ಟ್ ಜಜ್ಜಿದ್ದು ಕುಂಟುತ್ತಾ ಬೇರೆ ಕಡೆ ಹೋಗುತ್ತದೆ. ಐನೂರರಲ್ಲಿ ಮೂವತ್ತು ನಲವತ್ತು ಹೀಗೆ ಬೇರೆಯಾಗುತ್ತವೆ. ಅವು ಮ್ಯಾಚ್‌ಗೆ ಇಲ್ಲ, ಪ್ರಾಕ್ಟೀಸ್‌ಗೆ. ಮೊದಲು ಅಕ್ಕಸಾಲಿಗ ಗೆಳೆಯನ ಅಂಗಡಿಯಲ್ಲಿ ಕೂತು ಚಿನ್ನದ ತಕ್ಕಡಿಯಲ್ಲಿ ಎರಡು ಸಂಜೆ ಒಂದೊಂದೇ ತೂಗಿದ್ದೆ. ಬಂದ ಗಿರಾಕಿಗಳು ಸೀಸ ತೂಗೋ ಹುಚ್ಚನನ್ನು ನೋಡಿ ನಕ್ಕರು. 10 ಮೀಟರಲ್ಲಿ ತೂಕ ಆರಿಸಿದ್ದರಿಂದ ನನಗೆ ಏನೂ ಸಿಗಲಿಲ್ಲ. ಗಾಜೇ ಸಾಕು. ಉರುಳಿಸಿದ ಮೇಲೆ ತೊಳೆದು ಒಣಗಿಸಿ ಒಂದು ತೊಟ್ಟು ಎಣ್ಣೆ ಸವರುತ್ತೇನೆ. ಯಾವ ಎಣ್ಣೆ ಅಂತ ಕೇಳಬೇಡಿ, ಅದು ಮನೆಯ ಗುಟ್ಟು. ಸೀಸ ಮುಟ್ಟಿದ ಕೈ ತೊಳೆಯದೆ ಮಿರ್ಚಿ ಮಂಡಕ್ಕಿಗೆ ಕೈ ಹಾಕಬೇಡಿ ಅನ್ನೋದು ಮಾತ್ರ ಗುಟ್ಟಲ್ಲ.

ಈಗ ಅವಳದು ಹತ್ತು ಗುಂಡಿಗೆ 101, ಒಳ್ಳೇ ದಿನ 102. ಗನ್ ಅದೇ.

ಹೊರಗಿನ ಶೂಟಿಂಗ್ ಕತೆಯೇ ಬೇರೆ. ಮಾವನ ಮಗನ ಹೊಲದಲ್ಲಿ ಡಬ್ಬಿ ಇಟ್ಟು ಹೊಡೆಯುವಾಗ ಮೊದಲು ಮ್ಯಾಚ್ ಪೆಲೆಟ್ಟನ್ನೇ ಸ್ಪ್ರಿಂಗ್ ಗನ್‌ಗೆ ಹಾಕಿ ಮರ್ಯಾದೆ ಕಳಕೊಂಡೆ. ಚಪ್ಪಟೆ ತಲೆ ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡನೆ ತೂತು ಮಾಡುತ್ತದೆ, ಸರಿ. ಇಪ್ಪತ್ತೈದು ಮೀಟರ್ ದಾಟಿದರೆ ಎಲ್ಲಿ ಹೋಗುತ್ತೆ ಅಂತ ಅದಕ್ಕೇ ಗೊತ್ತಿರಲ್ಲ. ಆಮೇಲೆ ಡಬ್ಬಿ ಮೇಲೆ ಭಾರೀ ಸ್ಪೀಡ್ ಬರೆದಿದ್ದ ಹಗುರ ಅಲಾಯ್ ಪೆಲೆಟ್ ತಂದೆ. ಪಟಾಕಿ ತರ ಸದ್ದು, ಇಪ್ಪತ್ತು ಮೀಟರಿಗೆ ಗ್ರೂಪ್, ಅಂದ್ರೆ ಗುಂಡುಗಳ ಹರಡು, ಅಂಗೈ ಅಗಲ. ಹಗುರ ಪೆಲೆಟ್ ಬೇಗ ಓಡಿಬಿಟ್ಟರೆ ಸ್ಪ್ರಿಂಗ್ ತಳ್ಳೋ ಪಿಸ್ಟನ್ ಮುಂದೆ ತಡೆಯೋ ಗಾಳಿ ಸಾಲದೆ ಅದು ಹೋಗಿ ಬಡಿಯುತ್ತದೆ. ಎರಡು ತಿಂಗಳಲ್ಲಿ ಸ್ಪ್ರಿಂಗ್ ಮುರಿಯಿತು. ರಿಪೇರಿಗೆ ಎರಡು ಸಾವಿರ ಚಿಲ್ಲರೆ.

ಕೊನೆಗೆ ದುಂಡು ತಲೆಯ 8.4 ಗ್ರೇನ್ (ಅರ್ಧ ಗ್ರಾಂ ಚಿಲ್ಲರೆ) ಸೀಸದ ಪೆಲೆಟ್ ಹಾಕಿದೆ. ವೇಗ ಅಳೆಯೋ ಕ್ರೋನೋಗ್ರಾಫಲ್ಲಿ ಸೆಕೆಂಡಿಗೆ ಸುಮಾರು 240 ಮೀಟರ್. ಅವನ 22ರ 16 ಗ್ರೇನ್ ಪೆಲೆಟ್ ಸೆಕೆಂಡಿಗೆ 177-178 ಮೀಟರ್. ಲೆಕ್ಕ ಹಾಕಿದರೆ ಎರಡರದ್ದೂ ಹದಿನಾರು ಜೂಲ್ ಹತ್ರ. ಶಕ್ತಿ ಅಷ್ಟೇ, ಅವನದು ಭಾರ ಹೊತ್ತು ನಡೆಯುತ್ತೆ, ನನ್ನದು ಬರಿಗೈಲಿ ಓಡುತ್ತೆ. ಎರಡನ್ನೂ 25 ಮೀಟರಿಗೆ ಜೀರೋ ಮಾಡಿ (ಗುರಿ ಇಟ್ಟಲ್ಲೇ ಬೀಳೋ ಹಾಗೆ ಹೊಂದಿಸಿ) 45ಕ್ಕೆ ಹೊಡೆದೆವು. ನನ್ನದು ನಾಲ್ಕು ಬೆರಳು ಕೆಳಗೆ ಬಿತ್ತು, ಅವನದು ಒಂದು ಚೋಟು. ದೂರ ಅಂದಾಜು ಮಾಡೋದರಲ್ಲಿ ಐದು ಮೀಟರ್ ತಪ್ಪಿದರೂ ನನ್ನ ಡಬ್ಬಿ ಬೀಳುತ್ತಿತ್ತು. ಅವನು ಮಣ್ಣು ಹಾರಿಸುತ್ತಿದ್ದ. ನ್ಯಾಯವಾಗಿ ಹೇಳಬೇಕು: ತುಂಗಭದ್ರಾ ಕಡೆಯಿಂದ ಗಾಳಿ ಎದ್ದ ದಿನ, ಮತ್ತು ಡಬ್ಬಿ ಬೀಳೋದಲ್ಲ ಹಾರಿ ಬೀಳಬೇಕು ಅನ್ನೋದಾದರೆ, 22ಕ್ಕೇ ಮಜಾ ಜಾಸ್ತಿ. ಆದ್ರೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಎಂಎಂ ದಾಟಿದರೆ ಅಥವಾ 20 ಜೂಲ್ ಮೀರಿದರೆ ಲೈಸೆನ್ಸ್. ಬರೀ ಡಬ್ಬಿ ಬೀಳಿಸೋಕೆ ಆ ಓಡಾಟ ಯಾರಿಗೆ ಬೇಕು?

ಪಕ್ಕದ ಹೊಲದ ಗೌಡ್ರು ಒಮ್ಮೆ ಬಂದು "ಜ್ವಾಳಕ್ಕ ಗಿಳಿ ಬೀಳಾಕತ್ತಾವ, ನಾಕು ಹೊಡದು ಕೊಡ್ರಿ" ಅಂದರು. ಗಿಳಿ 1972ರ ವನ್ಯಜೀವಿ ಕಾಯ್ದೆಯೊಳಗೆ ಬರುತ್ತೆ, ನಾನು ಹೊಡೆಯಲ್ಲ ಅಂದೆ. ಬದಲಿಗೆ ಖಾಲಿ ಎಣ್ಣೆ ಡಬ್ಬಿ ತೂಗುಹಾಕಿ ಅದಕ್ಕೆ ಹೊಡೆದು ತೋರಿಸಿದೆ. ಠಣ್ ಅಂದಿದ್ದಕ್ಕೇ ಗಿಳಿ ಎದ್ದವು. ಅರ್ಧ ಗಂಟೆ ಬಿಟ್ಟು ವಾಪಸ್ ಬಂದವು, ಅದು ಬೇರೆ ಮಾತು.

ಈ ಬೇಸಿಗೆಯಲ್ಲಿ ಇನ್ನೊಂದು ಏಟು ಬಿತ್ತು. ಅದೇ ಕಂಪನಿ, ಅದೇ 4.51, ಹೊಸ ಡಬ್ಬಿ. ಗ್ರೂಪ್ ಏಳು ಎಂಎಂಗೆ ಹೋಯಿತು. ಬಿಸಿಲಿಗೇನೋ ಅಂತ ಪೆಲೆಟ್ಟನ್ನು ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಇಟ್ಟು ನೋಡಿದೆ. ಮನೆಯಲ್ಲಿ ಮಂಗಳಾರತಿ ಆಯಿತು, ಗ್ರೂಪ್ ಬದಲಾಗಲಿಲ್ಲ. ಡಬ್ಬಿ ತಿರುಗಿಸಿ ನೋಡಿದರೆ ಲಾಟ್ ನಂಬರ್, ಅಂದ್ರೆ ಒಟ್ಟಿಗೆ ತಯಾರಾದ ಕಂತಿನ ಗುರುತು, ಬೇರೆ. ಹಳೇ ಲಾಟ್ ಎಲ್ಲಿದೆ ಅಂತ ನಾಲ್ಕು ಊರಿಗೆ ಫೋನ್ ಮಾಡಿ ಎಂಟು ಡಬ್ಬಿ ಹಿಡಿದೆ. ಹನ್ನೊಂದು ಸಾವಿರ ಮೇಲಾಯಿತು. ಏಳು ಬೀರುವಿನಲ್ಲಿವೆ. ಎಂಟನೆಯದು ಸಿರುಗುಪ್ಪಕ್ಕೆ ಹೋಗಿದೆ. ಮಾವನ ಮಗ ಹೋದ ತಿಂಗಳು ಸದ್ದಿಲ್ಲದೆ ಒಂದು 177 ತಗೊಂಡಿದ್ದಾನೆ. ಗಾಜಿನ ತುಂಡನ್ನೂ ಒಯ್ದಿದ್ದಾನೆ, ಇನ್ನೂ ವಾಪಸ್ ಕೊಟ್ಟಿಲ್ಲ.